ಟೇಬಲ್ ಯಾಕ್ರೀ ಮೇಡಂ, ಫರ್ಸಿ ಅದ ಅಲ್ಲ!

ಚಿತ್ತಾಪುರ ಕಡಿ ಸರಕಾರಿ ಸಾಲಿ ಮೇಡಂ ಒಬ್ರು ಬರದಾರ, ಹೆಸರು ಹಾಕಬ್ಯಾಡ್ರಿ ಅಂದಾರ: "ನಮ್ಮ ನಲಿ-ಕಲಿ (ಸಣ್ಣ ಕ್ಲಾಸಿನ ಮಕ್ಕಳು ಆಡ್ತಾ ಕಲಿಯೋ ಪದ್ಧತಿ) ಖೋಲ್ಯಾಗ ಒಂದು ಮೂಲಿ ಖಾಲಿ ಮಾಡಿ ಸಣ್ಣ ಮಕ್ಕಳಿಗೆ ಬರಿಯೋ ಜಾಗಾ ಮಾಡ್ಬೇಕಂತೀನಿ. ನೆಲಕ್ಕ ಬರೇ ಫರ್ಸಿ ಕಲ್ಲು ಅದ. ಊರಿನ ದಾನಿಗಳು ಹತ್ತು ಸಾವಿರ ಕೊಡ್ತೀನಿ ಅಂದಾರ, ಸಣ್ಣ ಟೇಬಲ್ ಖುರ್ಚಿ ತರ್ಲಾ? ಪಾಲಕರು ಬ್ಯಾರೆ, ಮೊದಲ ಅಕ್ಷರ ದುಂಡಗ ತಿದ್ದಸ್ರಿ, ಗೀಚಾಕ ಬಿಟ್ಟು ಟೈಮ್ ಹಾಳ ಮಾಡಬ್ಯಾಡ್ರಿ ಅಂತಾರ. ಏನ್ ಮಾಡ್ಲಿ?"

ಉತ್ತರ:

ಟೇಬಲ್ ತರಬ್ಯಾಡ್ರಿ ಮೇಡಂ. "ಬರೇ ಫರ್ಸಿ" ಅಂತ ಬರದೀರಲ್ಲ, ಆ "ಬರೇ" ಓದಿ ನನಗ ಸ್ವಲ್ಪ ಸಿಟ್ಟೇ ಬಂತು. ಶಹಾಬಾದ್ ಕಲ್ಲು ನಿಮ್ಮ ಮಗ್ಗಲಾಗೇ ಸಿಗ್ತದ, ಬ್ಯಾರೆ ಊರಿನವ್ರು ರೊಕ್ಕಾ ಕೊಟ್ಟು ಲಾರಿ ತುಂಬ್ಕೊಂಡು ಹೋಗ್ತಾರ, ಅದರಷ್ಟು ದೊಡ್ಡ ಪಾಟಿ ಯಾವ ಅಂಗಡ್ಯಾಗ ಸಿಗ್ತದ ಹೇಳ್ರಿ?

ಪಾಲಕರದೂ ಪೂರಾ ತಪ್ಪಲ್ಲ, ಅಕ್ಷರ ದುಂಡಗ ಇರಬೇಕು, ಓದೋರಿಗೆ ತಿಳೀಬೇಕು, ಒಪ್ಪಿದೆ. ಆದ್ರ ಐದಾರು ವರ್ಷದ ಕೂಸಿನ ಮಣಿಕಟ್ಟಿನ ಎಲುಬು ಇನ್ನಾ ಪೂರಾ ಗಟ್ಟಿ ಆಗಿರಂಗಿಲ್ರಿ. ಅದರ ಕೈಗೆ ಉದ್ದಂದು ಪೆನ್ಸಿಲ್ ಕೊಟ್ಟು ನಾಕು ಗೆರಿ ಪುಸ್ತಕದಾಗ ಕೂಡಿಸಿದ್ರ ಮುಷ್ಟಿ ಬಿಗಿ ಹಿಡದು ಕಾಗದ ಹರೀತದ, ಆಮ್ಯಾಲ ಅಳ್ತದ. ಚಾಕ್‌ಪೀಸ್ ಮುರದು ಬೆರಳ ತುದಿಯಷ್ಟು ತುಂಡು ಕೊಟ್ಟು ನೋಡ್ರಿ, ಮುಷ್ಟಿ ಹಿಡಿಯಾಕ ಜಾಗಾನೇ ಇರಂಗಿಲ್ಲ, ತಾನಾಗೇ ಮೂರು ಬೆರಳಾಗ ಬಂದು ಕೂಡ್ತದ.

ಇದು ನನ್ನ ಹುಚ್ಚು ಅಂತ ಅನಕೋಬ್ಯಾಡ್ರಿ. 1907ರಾಗ ರೋಮಿನ ಬಡವರ ಓಣ್ಯಾಗ ಮಾಂಟೆಸ್ಸರಿಯವ್ರು ಸಾಲಿ ತಗದಾಗ ಏನಾಯ್ತಂದ್ರ, ಒಂದಿನ ಮಾಳಿಗಿ ಮ್ಯಾಲ ಒಬ್ಬ ಹುಡುಗಗ ಚಾಕ್‌ಪೀಸ್ ಕೊಟ್ಟು ಹೊಗಿಗೂಡಿನ ಚಿತ್ರ ತಗಿ ಅಂದ್ರು. ಅಂವ ನೆಲದ ಮ್ಯಾಲ ಚಿತ್ರ ತಗದಂವ, ನನಗ ಬರೀಲಾಕ ಬರ್ತದಂತ ಒದರಿ, ಕೈ, ಹೊಗಿಗೂಡು, ಮಾಳಿಗಿ ಅಂತ ಅಲ್ಲೇ ನೆಲದ ಮ್ಯಾಲೇ ಬರದ. ಟೇಬಲ್ ಕೇಳಲಿಲ್ಲ ನೋಡ್ರಿ!

ನಮ್ಮ ಆಯಿಗೆ ಓದು ಬರಹ ಬರ್ತಿರಲಿಲ್ಲ. ನಾ ಪಡಸಾಲ್ಯಾಗ ಹೆಂಚಿನ ಚೂರು ಹಿಡದು ಏನೇನೋ ಗೀಚ್ತಿದ್ದೆ. ಆಕಿ ದಿನಾ ಮುಂಜಾನಿ ಮನಿಯೆಲ್ಲಾ ಒರಸಾಕಿ, ನಾ ಬರದ ಒಂದು ಫರ್ಸಿ ಅಷ್ಟೇ ಬಿಟ್ಟು ಸುತ್ತ ಒರಸ್ತಿದ್ಳು. ಏನ್ ಬರದೀನಿ ಅಂತ ಆಕಿಗಿ ತಿಳೀತಿರಲಿಲ್ಲ, ಖರೆ ಹೇಳ್ಬೇಕಂದ್ರ ನನಗೂ ತಿಳೀತಿರಲಿಲ್ಲ. ಈಗ ಮೂವತ್ತು ವರ್ಷದಿಂದ ಪತ್ರಿಕಿ ನಡಸ್ಲತ್ತೀನಿ.

ಹೋದ ವರ್ಷ ಸೇಡಂ ಕಡಿ ಒಂದು ಸಾಲಿಗೆ ಹೋಗಿದ್ದೆ. ಎರಡನೇ ಕ್ಲಾಸಿನ ಹುಡುಗಿ ಹಳೀ ಕ್ಯಾಲೆಂಡರ್ ಹಿಂದ ಕಿರಾಣಿ ಚೀಟಿ ಬರದಿದ್ಳು: ಎಣ್ಣಿ, ಬ್ಯಾಳಿ, ಚಾಪುಡಿ, ತಮ್ಮಗ ಬಿಸ್ಕಿಟ್. ಎಷ್ಟ್ ಛಂದ ಚೀಟಿ! ಆದ್ರ ಮಾಸ್ತರ್ರು ಕೆಂಪು ಪೆನ್ನು ತಗದು ಎಣ್ಣಿ ಹೊಡದು ಎಣ್ಣೆ, ಬ್ಯಾಳಿ ಹೊಡದು ಬೇಳೆ ಮಾಡಿದ್ರು. ಬಿಸ್ಕಿಟ್ ತನಕ ಬರೋದ್ರಾಗ ಹುಡುಗಿ ಮಾರಿ ಇಳೀತು. ಆಕಿ ಮನ್ಯಾಗ ಬ್ಯಾಳಿನೇ ಕುದಿಸ್ತಾರ್ರೀ, ಬೇಳೆ ಯಾರ ಮನ್ಯಾಗ ಕುದೀತದ?

ಹೊಟ್ಟಿ ಉರಿಯೋದು ಇಲ್ಲೇ. ಕನ್ನಡದಾಗ ನಮಗ ಸಿಕ್ಕ ಮೊದಲ ಗ್ರಂಥ ಕವಿರಾಜಮಾರ್ಗ, 9ನೇ ಶತಮಾನದ್ದು, ಹುಟ್ಟಿದ್ದು ನಮ್ಮ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಾಗ. ಊರೂರಿಗೆ ಕನ್ನಡ ಎಷ್ಟು ಬ್ಯಾರೆ ಅಂದ್ರ ಹಾವಿನ ರಾಜ ವಾಸುಕಿಗೂ ಸಾಕಾಗಿ ಹೋಗ್ತದ ಅಂತ ಅದರಾಗೇ ಅದ. ಅಂಥಾ ನೆಲದ ಹುಡುಗಿ ಮಾತು ಇವತ್ತ ಕೆಂಪು ಪೆನ್ನಿಗೆ ಸಿಗ್ತದ. ಎಸ್ಸೆಸ್ಸೆಲ್ಸಿ ರಿಸಲ್ಟ್‌ದಾಗ 2024ಕ್ಕ ಯಾದಗಿರಿ ಕೊನೀಕ, 2025ಕ್ಕ ಕಲಬುರಗಿ ಕೊನೀಕ, ಆಮ್ಯಾಲ ಟಿವ್ಯಾಗ ಕುಂತು ನಮ್ಮ ಮಕ್ಕಳಿಗೆ ತಲಿ ಇಲ್ಲಂತ ಚರ್ಚಾ. ತಾಂಡಾದಾಗ ಲಂಬಾಣಿ ಮಾತಾಡೋ ಕೂಸು, ಉರ್ದು, ತೆಲುಗು, ಮರಾಠಿ ಮಾತಾಡೋ ಕೂಸು, ಇವೆಲ್ಲಾ ಒಂದೇ ಖೋಲ್ಯಾಗ ಕುಂತಿರ್ತಾವ, ಅದನ್ನ ಯಾರೂ ಲೆಕ್ಕಕ್ಕೇ ಹಿಡಿಯಂಗಿಲ್ಲ.

ಇರ್ಲಿ, ನಿಮ್ಮ ಮೂಲಿಗೆ ಬರ್ತೀನಿ. ನಲಿ-ಕಲಿ 1995ರಾಗ ಎಚ್.ಡಿ.ಕೋಟೆ ಕಡಿ ಸುರುವಾದದ್ದು, ಅದರಾಗ ಮಕ್ಕಳ ಕೈಗೆ ಸಿಗೋ ಗೋಡಿ ಹಲಗಿ, ಮಕ್ಕಳು ಮಾಡಿದ್ದು ನೇತು ಹಾಕೋ ದಾರದ ಚಪ್ಪರ ಎರಡೂ ಅವ. ನಿಮ್ಮಲ್ಲಿ ಹಲಗಿ ಮ್ಯಾಲ ಚಾರ್ಟ್ ಬಡದಿದ್ರ ಕೀಳ್ರಿ. ಚಪ್ಪರದ ಒಂದು ದಾರ ಮಕ್ಕಳ ಕಣ್ಣಿನ ಮಟ್ಟಕ್ಕ ಇಳಸ್ರಿ, ಮ್ಯಾಲಿಂದು ಸಾಲಿ ನೋಡಾಕ ಬರೋ ಸಾಹೇಬ್ರಿಗೆ ಇರ್ಲಿ. ಬೆಳಕು ಬರೋ ಕಿಟಕಿ ಎಡಕ್ಕಿರಲಿ, ಎಡಗೈಲೆ ಬರಿಯೋ ಕೂಸಿಗೆ ಬಲಕ್ಕ, ಅದರ ಕೈ ಮಾತ್ರ ಬದಲಿ ಮಾಡ್ಸಬ್ಯಾಡ್ರಿ. ಎಲ್ಲಾರ ಹೆಸರಿನ ಚೀಟಿ ಒಂದು ಡಬ್ಬ್ಯಾಗ, ಒಂದು ಮಗ್ಗಲ ಖಾಲಿ ಇರೋ ಕಾಗದ, ಬಟ್ಟಿ ಕ್ಲಿಪ್ಪು, ಎರಡು ಚಾಪಿ, ಒರಸಾಕ ಹಳೀ ಬನಿಯನ್ನು. ಇಷ್ಟಕ್ಕ ಸಾವಿರ ರೂಪಾಯಿ ಸೈತ ಹಿಡಿಯಂಗಿಲ್ಲ. ಉಳಿದದ್ದು ದಾನಿಗಳಿಗೆ ಹೇಳಿ ಕತಿ ಪುಸ್ತಕಕ್ಕ ಹಾಕ್ರಿ. ಕೆಂಪು ಪೆನ್ನು ಆ ಮೂಲ್ಯಾಗ ಇಡಬ್ಯಾಡ್ರಿ, ದುಂಡನ್ನ ಅಕ್ಷರ ತಿದ್ದಸೋದು ಬ್ಯಾರೆ ಹೊತ್ತಿನಾಗ ಬ್ಯಾರೆ ಕಡಿ ನಡೀಲಿ.

ದೀಪಾವಳಿ ಆದಮ್ಯಾಲ ಮಕ್ಕಳು ಬರದ ಒಂದು ಚೀಟಿ ನಮಗ ಕಳಸ್ರಿ, ಇದ್ದಂಗೇ ಅಚ್ಚು ಹಾಕ್ತೀನಿ. ಬ್ಯಾಳಿ ಬ್ಯಾಳಿನೇ ಇರ್ಬೇಕಂತ ನಮ್ಮ ಪ್ರೂಫ್ ನೋಡೋರಿಗೆ ಇವತ್ತೇ ಹೇಳೀನಿ, ಅವರು ಇನ್ನಾ ಒಪ್ಪಿಲ್ಲ.