ಬೆಳಗ್ಗೆ ಕೇಳಿಸುವ ದೋಣಿ ಮಧ್ಯಾಹ್ನ ಯಾಕೆ ಕೇಳಿಸಲ್ಲ?

ದಡದ ಹತ್ತಿರ ಅದೇ ಜಾಗ, ಅದೇ ಹೈಡ್ರೋಫೋನ್, ಅಂದರೆ ನೀರೊಳಗಿನ ಸದ್ದು ಹಿಡಿಯುವ ಮೈಕ್. ದೂರದ ದೋಣಿಯ ಎಂಜಿನ್ ಸದ್ದು ಬೆಳಗ್ಗೆ ಚೆನ್ನಾಗಿ ಬರುತ್ತೆ, ಮಧ್ಯಾಹ್ನ ಮಾಯ, ಮೈಕ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಬಹುಶಃ ಕೆಟ್ಟಿಲ್ಲ. ನಾನೂ ಮೊದಲ ಸಲ ಕೇಬಲ್ಲು, ಬ್ಯಾಟರಿ ಬದಲಾಯಿಸುತ್ತಾ ಅರ್ಧ ದಿನ ಕಳೆದಿದ್ದೆ. ಕೊನೆಗೆ ಬೇಸರವಾಗಿ ಸುಮ್ನೆ ಹಗ್ಗ ಸಡಿಲ ಬಿಟ್ಟೆ. 2 ಮೀಟರ್ ಆಳದಲ್ಲಿದ್ದ ಮೈಕ್ 12 ಮೀಟರಿಗೆ ಇಳಿಯಿತು. ಎಂಜಿನ್ನಿನ ಗುಡುಗುಡು ವಾಪಸ್ ಬಂತು!

ಇದು ಬಿಸಿಲಿನ ಕೆಲಸ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ನೀರು ಒಂದು ಡಿಗ್ರಿ ಬೆಚ್ಚಗಾದರೆ ವೇಗ ಸುಮಾರು 3 ಮೀಟರ್ ಜಾಸ್ತಿ. ಚಿಲ್ಲರೆ ಲೆಕ್ಕ, ಅಲ್ವಾ? ಆದರೆ ಸದ್ದು ಯಾವಾಗಲೂ ವೇಗ ಕಡಿಮೆ ಇರುವ ಪದರದ ಕಡೆಗೇ ಬಾಗುತ್ತದೆ. ಗಾಳಿ ಬೀಸದ ದಿನ ಮಧ್ಯಾಹ್ನದ ಹೊತ್ತಿಗೆ ಮೇಲಿನ ನೀರು ಕಾದಿರುತ್ತದೆ, ಕೆಳಗಿನದು ತಂಪು. ಸದ್ದು ತಳದ ಕಡೆ ಬಾಗಿ ನಿಮ್ಮ ಮೈಕಿನ ಅಡಿಯಲ್ಲೇ ನುಸುಳಿ ಹೋಗುತ್ತದೆ. ರಾತ್ರಿ ಮೇಲಿನ ನೀರು ತಣಿದು ಕೆಳಗಿನದರ ಜೊತೆ ಬೆರೆಯುತ್ತದೆ. ಅದಕ್ಕೇ ಬೆಳಗ್ಗೆ ತೊಂದರೆ ಇಲ್ಲ.

1930ರ ದಶಕದಲ್ಲಿ ಅಮೆರಿಕದ ನೌಕಾಪಡೆಗೂ ಇದೇ ತಲೆನೋವು ಇತ್ತು. ಕ್ಯೂಬಾದ ಗ್ವಾಂಟನಾಮೊ ಕೊಲ್ಲಿಯಲ್ಲಿ ಸೋನಾರ್ (ಸದ್ದಿನ ಸಹಾಯದಿಂದ ನೀರೊಳಗಿನ ವಸ್ತು ಹುಡುಕುವ ಯಂತ್ರ) ಮಧ್ಯಾಹ್ನವಾದರೆ ಕೈಕೊಡುತ್ತಿತ್ತು. ಊಟ ಮುಗಿಸಿ ತೂಕಡಿಸುವ ಆಪರೇಟರುಗಳದ್ದೇ ತಪ್ಪು ಅಂದುಕೊಂಡಿದ್ದರಂತೆ. ನೀರಿನ ಉಷ್ಣತೆ ಅಳೆದು ನೋಡಿದ ಮೇಲೆ ಕಾರಣ ಸಿಕ್ಕಿತು.

ನದಿ ಸೇರುವ ಜಾಗವಾದರೆ ಕಥೆ ತಿರುಗಬಹುದು. ಸಿಹಿನೀರು ಮೇಲೆ ತೇಲುತ್ತದೆ, ಉಪ್ಪು ಕಡಿಮೆ ಇರುವ ನೀರಿನಲ್ಲಿ ಸದ್ದು ನಿಧಾನ. ಆಗ ಅದು ಮೇಲಿನ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನು ತಳ. ಆಳ ಕಡಿಮೆ ಇರುವ ಕಡೆ ಸದ್ದು ತಳಕ್ಕೆ ಬಡಿಯುತ್ತಲೇ ಮುಂದೆ ಹೋಗಬೇಕು. ಗಟ್ಟಿ ಮರಳಾದರೆ ಬಹುಪಾಲು ವಾಪಸ್ ಬರುತ್ತದೆ, ಮೆತ್ತನೆ ಕೆಸರು ನುಂಗಿಬಿಡುತ್ತದೆ. ಅಲೆ ಒಡೆದು ಗುಳ್ಳೆ ತುಂಬಿದ ನೀರು ಇನ್ನೂ ಕಷ್ಟ.

ಅಂದ ಹಾಗೆ, ಬಂಡೆಗಳ ಹತ್ತಿರ ಒಣ ಕಡ್ಡಿ ಉರಿದ ಹಾಗೆ ಚಟಪಟ ಸದ್ದು ಬಂದರೆ ಅದೂ ಮೈಕಿನ ದೋಷ ಅಲ್ಲ. ಬೆರಳುದ್ದದ ಸಿಗಡಿಗಳು ಕೊಂಡಿ ಚಿಟಿಕೆ ಹೊಡೆಯುತ್ತಿರುತ್ತವೆ. ನಾನು ಅದಕ್ಕೂ ಮೈಕನ್ನು ಸರ್ವಿಸಿಗೆ ಕೊಟ್ಟು ಬಂದಿದ್ದೆ!

ಮುಂದಿನ ಸಲ ಹಗ್ಗಕ್ಕೆ ಒಂದು ಥರ್ಮಾಮೀಟರ್ ಕಟ್ಟಿ. ಪ್ರತಿ 2 ಮೀಟರಿಗೆ ಒಮ್ಮೆ ಉಷ್ಣತೆ ಬರೆದುಕೊಳ್ಳಿ, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಆಮೇಲೆ ಮೈಕನ್ನು ಎಲ್ಲಿ ತೂಗಬೇಕು ಅಂತ ನಿಮಗೇ ಗೊತ್ತಾಗುತ್ತದೆ.