ಅಪರಾಧ ನಡೆದ ಕೋಣೆಯ ಪುಟಾಣಿ ಮಾದರಿಯಲ್ಲಿ ಗೋಡೆಗೆ ಚಿಮ್ಮಿದ ರಕ್ತ ನಿಜದಂತೆ ಕಾಣಲು ಯಾವ ಬಣ್ಣ ಬಳಸಬೇಕು?

ಬಣ್ಣದ ಮಾತು ಆಮೇಲೆ. ಅಪರಾಧ ತನಿಖೆಯ ತರಬೇತಿಗೆಂದು 1:12 ಅಳತೆಯ ಕೋಣೆ ಕಟ್ಟುತ್ತಿದ್ದೀರಿ ತಾನೇ? ಹಾಗಿದ್ದರೆ ಗೋಡೆಗೆ ರಕ್ತ ಚಿಮ್ಮಿಸುವ ಆಸೆ ಬಿಡಿ. ನಾನು ಚಿಮ್ಮಿಸಿ ಕೆಡಿಸಿಕೊಂಡವನು.

ಹಳೇ ಟೂತ್‌ಬ್ರಶ್ಶನ್ನು ಕೆಂಪು ಅಕ್ರಿಲಿಕ್‌ನಲ್ಲಿ ಅದ್ದಿ ಹೆಬ್ಬೆರಳಿನಿಂದ ಮೀಟಿದ್ದೆ. ನೋಡಲು ಭರ್ಜರಿಯಾಗೇ ಇತ್ತು. ಲೆಕ್ಕ ಹಾಕಿದಾಗ ಬಣ್ಣ ಬಯಲಾಯಿತು: ಗೋಡೆ ಮೇಲಿನ ಅರ್ಧ ಮಿ.ಮೀ. ಚುಕ್ಕೆ ನಿಜದ ಕೋಣೆಯಲ್ಲಿ 6 ಮಿ.ಮೀ. ಕಲೆ. ಪೆಟ್ಟು ಬಿದ್ದಾಗ ಸಿಡಿದ ರಕ್ತದ ಕಲೆಗಳು ಹೆಚ್ಚಾಗಿ 1ರಿಂದ 4 ಮಿ.ಮೀ.; ಮಾದರಿಯಲ್ಲಿ ಅವು 0.08ರಿಂದ 0.33 ಇರಬೇಕು. ಕೋಣೆಯನ್ನು ಹನ್ನೆರಡು ಪಟ್ಟು ಕುಗ್ಗಿಸಬಹುದು, ಹನಿಯನ್ನು ಹಿಡಿದಿಡುವ ಮೇಲ್ಮೈ ಎಳೆತ ಕುಗ್ಗುವುದಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಆಕಾರದ್ದು. ಕಲೆಯ ಅಗಲವನ್ನು ಉದ್ದದಿಂದ ಭಾಗಿಸಿದರೆ ಬರುವುದು ಹನಿ ಬಡಿದ ಕೋನದ ಸೈನ್ (ತ್ರಿಕೋನಮಿತಿಯ sine). ಅಗಲ ಉದ್ದದ ಅರ್ಧವಿದ್ದರೆ 30 ಡಿಗ್ರಿ. ನಾನು ಬ್ರಶ್ಶನ್ನು ಗೋಡೆಗೆ ನೇರ ಹಿಡಿದದ್ದರಿಂದ ಎಲ್ಲವೂ ದುಂಡಗೆ ಬಿದ್ದವು. ಶವದ ಗೊಂಬೆ ಮೂಲೆಯಲ್ಲಿ, ಕಲೆ ಹೇಳುವುದು ಪೆಟ್ಟು ಎದುರಿನಿಂದ ಅಂತ. ಕಲೆಯನ್ನು ಸರಿಯಾಗಿ ಓದಬಲ್ಲ, ತರಬೇತಿಗೆ ಬಂದವನೇ ತಪ್ಪು ಉತ್ತರಕ್ಕೆ ಹೋಗುತ್ತಾನೆ.

ಇಂಥ ಪುಟಾಣಿ ಕೋಣೆಗಳಿಗೆ ತಾಯಿ ಎನಿಸಿದ ಫ್ರಾನ್ಸಿಸ್ ಗ್ಲೆಸ್ನರ್ ಲೀ 1940ರ ದಶಕದಲ್ಲಿ ಕಟ್ಟಿಸಿದ ಕೋಣೆಗಳೂ ಒಂದಡಿಗೆ ಒಂದಿಂಚಿನ ಲೆಕ್ಕದವೇ. ಗೊಂಬೆಯ ಕಾಲುಚೀಲವನ್ನೂ ಗುಂಡುಸೂಜಿಯಲ್ಲೇ ಹೆಣೆದಾಕೆ! ಅವುಗಳಲ್ಲಿ 18 ಇಂದಿಗೂ ಅಮೆರಿಕದ ಬಾಲ್ಟಿಮೋರ್‌ನ ಮುಖ್ಯ ವೈದ್ಯಕೀಯ ಪರೀಕ್ಷಕರ ಕಚೇರಿಯಲ್ಲಿವೆ. ಅವು ಕಲಿಸುವುದು ಕ್ರಮವಾಗಿ ನೋಡುವುದನ್ನು: ಅಂಚಿನಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ನಡುವಿಗೆ ಬರುವುದು. ರಕ್ತದ ಹನಿಯ ಪಾಠಕ್ಕೆ ನಿಜ ಅಳತೆಯ ಹಲಗೆ ಅಥವಾ ಫೋಟೋ ಇಡಿ.

ಕೋಣೆಯಲ್ಲಿ ರಕ್ತ ಬೇಕೇಬೇಕಾದರೆ ನೆಲದ ಮಡುವು, ಒರೆಸಿದ ಗುರುತು ಇಷ್ಟೇ ಸಾಕು. ಒಣಗಿದ ರಕ್ತಕ್ಕೆ ಬರ್ನ್ಟ್ ಅಂಬರ್ (ಕಡುಕಂದು) ಬಣ್ಣಕ್ಕೆ ಚೂರು ಕ್ರಿಮ್ಸನ್ (ಕಡುಗೆಂಪು), ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್. ಹಸಿ ಇದೆ ಅಂತ ತೋರಿಸಬೇಕಾದಲ್ಲಿ ಮಾತ್ರ ಹೊಳೆಯುವ ವಾರ್ನಿಶ್.

ಹೆಚ್ಚಿನ ಶ್ರಮ ಶವದ ಮೈಬಣ್ಣಕ್ಕೆ ಹಾಕಿ. ಸತ್ತ ಮೇಲೆ ರಕ್ತ ಕೆಳಗಿಳಿದು ನಿಲ್ಲುತ್ತದೆ, ಆದರೆ ನೆಲಕ್ಕೆ ಒತ್ತಿಕೊಂಡ ಜಾಗ ಬಿಳಿಚಿಕೊಂಡೇ ಇರುತ್ತದೆ. ಗೊಂಬೆಯನ್ನು ಮೊದಲು ಅಂಗಾತ ಮಲಗಿಸಿ, ಭುಜದ ಹಲಗೆ, ಪೃಷ್ಠ, ಮೀನಖಂಡ ತಾಗುವ ಕಡೆ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಎತ್ತಿ, ಗುರುತು ಬಿಟ್ಟು ಸುತ್ತಲೂ ನೇರಳೆ ಬಣ್ಣವನ್ನು ನೀರಾಗಿ ಮೂರು ಸಲ ಹಚ್ಚಿ. ಇಂಗಾಲದ ಮಾನಾಕ್ಸೈಡ್ ಸಾವಾದರೆ ನೇರಳೆ ಬೇಡ, ಚೆರ್ರಿ ಕೆಂಪು.