ಚೀಲ ಬಿಚ್ಚಿ ಮಾರೋ ನಾಯಿ ಫುಡ್ಡಿಗೆ ಹೇಳೋರು ಕೇಳೋರು ಯಾರು?

ಪ್ರಶ್ನೆ: ಡಾಕ್ಟ್ರೇ, ನಮ್ಮನೇಲಿ ಎರಡು ವರ್ಷದ ಲ್ಯಾಬ್ರಡಾರ್ ನಾಯಿ ಐತಿ. ಪ್ಯಾಕೆಟ್ ದುಬಾರಿ ಅಂತ ಅಂಗಡೀಲಿ ದೊಡ್ಡ ಚೀಲ ಬಿಚ್ಚಿ ತೂಕ ಮಾಡಿ ಕೊಡೋ ಲೂಸ್ ಫುಡ್ ತರ್ತಿದ್ವಿ. ಹೋದ ತಿಂಗಳು ತಂದಿದ್ದು ತಿಂದು ಎರಡು ದಿನ ವಾಂತಿ ಮಾಡ್ತು, ಈಗ ಆರಾಮಿದೆ. ಅಂಗಡಿಯವ್ರು "ಬೀದೀಲಿ ಏನ್ ತಿಂದಿತ್ತೋ" ಅಂತಾರೆ. ಫುಡ್ ಇನ್‌ಸ್ಪೆಕ್ಟರ್‌ಗೆ ಹೇಳಬಹುದಾ?
- ವಿದ್ಯಾನಗರ, ದಾವಣಗೆರೆ

ಉತ್ತರ: ಹೇಳಿ ಪ್ರಯೋಜನ ಇಲ್ಲ ನೋಡ್ರಿ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಆಹಾರ ಅಂದ್ರೆ ಮನುಷ್ಯರು ತಿನ್ನೋದು ಅಷ್ಟೇ, ಪ್ರಾಣಿಗಳ ಮೇವು ಅದ್ರಲ್ಲಿ ಬರಲ್ಲ. ನಾಯಿ ಬೆಕ್ಕಿನ ಫುಡ್ಡಿಗೆ ಬಿಐಎಸ್‌ನವ್ರ, ಅಂದ್ರೆ ಐಎಸ್‌ಐ ಮಾರ್ಕ್ ಕೊಡೋ ಸರ್ಕಾರಿ ಸಂಸ್ಥೆಯವ್ರ, ಐಎಸ್ 11968 ಅಂತ ಒಂದು ಮಾನದಂಡ ಇದೆ, ಆದ್ರೆ ಅದು ಕಂಪ್ನಿಯವ್ರು ಮನಸ್ಸಿದ್ರೆ ಪಾಲಿಸೋದು.

ಪ್ಯಾಕೆಟ್ ಮೇಲೆ ಮಾತ್ರ ತೂಕ, ಎಂಆರ್‌ಪಿ, ತಯಾರಾದ ತಿಂಗಳು, ತಯಾರಕರ ವಿಳಾಸ, ದೂರಿನ ನಂಬರ್ ಇರಲೇಬೇಕು. ಚೀಲ ಬಿಚ್ಚಿದ್ರೆ ಇದೆಲ್ಲ ಅಂಗಡೀಲೇ ಉಳೀತು, ನಿಮ್ಮ ಕೈಗೆ ಬಂದಿದ್ದು ಒಂದು ಕವರ್ ಕಾಳು. ಬಿಲ್ ಇದ್ರೆ 1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ. ಬಿಲ್ ಇಸ್ಕೊಂಡಿರಲ್ಲ ಅಂತ ಗೊತ್ತು ಬಿಡಿ.

ನನಗೆ ಭಯ ಇರೋದು ಬೂಸ್ಟಿಂದು. ಒಣ ಫುಡ್ಡಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳ ಇರುತ್ತೆ, ಅದ್ರ ವಿಷಯ ದಾವಣಗೆರೆಯವ್ರಿಗೆ ನಾನೇನು ಹೇಳೋದು, ಮಳೇಲಿ ನೆಂದ ರಾಶಿ ಸರಿಯಾಗಿ ಒಣಗ್ಲಿಲ್ಲ ಅಂದ್ರೆ ಏನಾಗುತ್ತೆ ಅಂತ ನೋಡೇ ಇರ್ತೀರಿ, ಆ ಬೂಸ್ಟಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ, ಬೇಯಿಸಿದ್ರೂ ಪೂರ್ತಿ ಹೋಗಲ್ಲ, ಸೀದಾ ಲಿವರ್‌ಗೆ ಹೊಡೀತದೆ. 1974ರಲ್ಲಿ ರಾಜಸ್ಥಾನ, ಗುಜರಾತ್ ಕಡೆ ಇಂಥಾ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ರು, ಅವರ ಮನೆ ನಾಯಿಗಳೂ ಸತ್ವು. ಅಮೆರಿಕದಲ್ಲಿ ಪೆಟ್ ಫುಡ್ಡಲ್ಲಿ ಇದು 20 ಪಿಪಿಬಿ, ಅಂದ್ರೆ ನೂರು ಕೋಟಿ ಪಾಲಲ್ಲಿ 20 ಪಾಲು, ದಾಟಿದ್ರೆ ಮಾಲು ವಾಪಸ್ ತರಿಸ್ತಾರೆ.

ನಿಮ್ಮ ನಾಯಿಗೆ ಇದೇ ಆಗಿತ್ತು ಅಂತ ಇಲ್ಲಿ ಕೂತು ಹೇಳೋಕಾಗಲ್ಲ. ಒಸಡು, ಕಣ್ಣಿನ ಬಿಳಿ ಭಾಗ ಹಳದಿ ಆದ್ರೆ, ಉಚ್ಚೆ ಕಡು ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಕರ್ಕೊಂಡು ಹೋಗಿ, ಲಿವರ್ ಟೆಸ್ಟ್ ಮಾಡಿಸಿ. ಉಳಿದ ಫುಡ್ ಬಿಸಾಡಬೇಡಿ, ಕಟ್ಟಿ ಬೇರೆ ಇಡಿ. ಮುಂದಕ್ಕೆ ಸಣ್ಣದಾದ್ರೂ ಸೀಲ್ ಆಗಿರೋ ಪ್ಯಾಕೆಟ್ಟೇ ತನ್ನಿ, ಡಬ್ಬಿಗೆ ಸುರೀಬೇಡಿ, ಪ್ಯಾಕೆಟ್ ಸಮೇತ ಡಬ್ಬೀಲಿಡಿ, ಬ್ಯಾಚ್ ನಂಬರ್ ಅದ್ರ ಮೇಲೇ ಇರೋದು.

ಪ್ರಶ್ನೆ: ಸರ್, ಒಣ ಫುಡ್ಡಲ್ಲಿ ಪ್ರೋಟೀನ್ 24%, ಗ್ರೇವಿ ಪೌಚಲ್ಲಿ ಬರೀ 8% ಅಂತ ಬರ್ದಿದಾರೆ. ಪೌಚ್ ಮೋಸ ಅಲ್ವಾ? ಅದಕ್ಕೆ ಶೇಂಗಾ ಹಿಂಡಿ ಕಲಸಿ ಹಾಕ್ಲಾ?
- ಚಳ್ಳಕೆರೆ

ಉತ್ತರ: ಮೋಸ ಅಲ್ಲ, ನೀರು. ಪೌಚಲ್ಲಿ 82% ನೀರಿದ್ರೆ ಉಳಿಯೋ 18ರಲ್ಲಿ 8 ಪ್ರೋಟೀನು, ಅಂದ್ರೆ 44%. ಒಣ ಫುಡ್ಡಲ್ಲಿ ನೀರು 10% ಅಂತ ಹಿಡಿದ್ರೆ 27%ರ ಹತ್ರ ಬರುತ್ತೆ. ಆದ್ರೂ ಆ ನಂಬರನ್ನೇ ದೇವ್ರು ಅಂತ ನಂಬಬೇಡಿ, ಲ್ಯಾಬಲ್ಲಿ ಸಾಮಾನ್ಯವಾಗಿ ಅಳೆಯೋದು ನೈಟ್ರೋಜನ್ನು, ಅದ್ರಿಂದ ಲೆಕ್ಕ ಹಾಕಿ ಪ್ರೋಟೀನ್ ಅಂತಾರೆ, ಆ ಸಂದೀಲೇ ಚೀನಾದವ್ರು ಗೋಧಿ ಗ್ಲುಟನ್‌ಗೆ (ಗೋಧಿಯ ಪ್ರೋಟೀನ್) ನೈಟ್ರೋಜನ್ ಜಾಸ್ತಿ ಇರೋ ಮೆಲಮೈನ್ ಅನ್ನೋ ಕೆಮಿಕಲ್ ಬೆರೆಸಿ ಕಳ್ಸಿದ್ದು, 2007ರಲ್ಲಿ ಅಮೆರಿಕದ ನಾಯಿ ಬೆಕ್ಕುಗಳು ಕಿಡ್ನಿ ಹೋಗಿ ಸತ್ತಿದ್ದು.

ಹಿಂಡಿ ಮಾತ್ರ ಬೇಡ. ನಿಮ್ಮೂರಿನ ಗಾಣದ್ದು ಎಷ್ಟೇ ಫ್ರೆಶ್ ಇರಲಿ, ಮೇಲೆ ಹೇಳಿದ ಬೂಸ್ಟಿಗೆ ಮೆಕ್ಕೆಜೋಳದಷ್ಟೇ ಶೇಂಗಾನೂ ಇಷ್ಟ. ಒಂದು ಬೇಯಿಸಿದ ಮೊಟ್ಟೆ ಹಾಕಿ.